ಹೆಬ್ಬಟ್ಟು

ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಯೊಳಗ
ಮೂವತ್ನಾಕು ವರ್ಷ ತೂಕದ ಗುಮಾಸ್ತಿ ಮಾಡಿದವರು ಇವರು.
ತಕ್ಕಡಿಗೆ ಒಮ್ಮೆನೂ ಬಟ್ಟು ಹಚ್ಚಿದವರಲ್ಲ.
ದಲಾಲರು ಬೈದರು, ರೈತರೂ ಬೈದರು,
ಮುಳ್ಳು ಮಾತ್ರ ನಡಕ ನಿಂತಿತ್ತು.
ರಿಟಾಯರ್ ಆದ ದಿನ ಹೊಚ್ಚಿದ ಶಾಲು
ಇನ್ನೂ ಘಾಟು ಹೊಡೀತೈತಿ;
ಒಗದಷ್ಟೂ ಸೀನು.

ಅಂಥವರು ಒಂದು ಮುಂಜಾನೆ ಚಾ ಆರಿಸಿಕೋತ
"ನೀಲಾ, ಕಂಪೋಟಕ್ಕ ಹೋಗಿ ಇರೂಣೇನು?" ಅಂದರು,
ಮೋಟೆಬೆನ್ನೂರಿಗೆ ಹೋಗಿ ಬರೂಣೇನು ಅಂದಷ್ಟು ಹಗೂರ.
ಕಾಂಬೋಡಿಯಾ ಅಂತ. ಹೊಳಿ ದಂಡಿ ಊರಂತ.
ಅಲ್ಲಿ ಕರಿಮೆಣಸಿನ ವ್ಯಾಪಾರಂತ.
"ಪೆನ್ಶನ್ನಿನಾಗ ಆರಾಮ ಇರಬಹುದು, ಇಲ್ಲಿಗಿಂತ ಸೋವಿ."
ಅದೊಂದು ಮಾತು ಸಾಕು ನಮ್ಮ ಓಣಿಗೆ.
ನೋಡಬೇಕು ಅನಸ್ತು ಅಂದರ ಹುಚ್ಚ ಅಂತಾರ,
ಸೋವಿ ಅಂದರ ಶಾಣ್ಯಾ.

ಆದರೂ ಮೈದುನ ಬಂದು ಕುಂತು, ದನಿ ತಗ್ಗಿಸಿ
"ಅಣ್ಣಾ, ಯಾರದರ ಕೊಡೂದೈತೇನು?" ಅಂತ ಕೇಳಿದ.
ಹುಬ್ಬಳ್ಳಿ ಪಾಸ್‌ಪೋರ್ಟ್ ಆಫೀಸಿನ ಹುಡುಗಿ ಕೇಳಿದಳು,
"ಅಲ್ಲಿ ಯಾರದಾರ್ರಿ ನಿಮ್ಮವರು?"
ಯಾರಿಲ್ಲವಾ. ಹೊಳಿ ಐತಿ.

ರಾತ್ರಿ ಇವರು ಮಲಗಿದ ಮ್ಯಾಲ
ಕೆಂಪು ಅರಿವಿ ಹೊದಿಕಿ ಕೀರ್ದಿ ತಗದೆ.
ಊರ ಹೆಣಮಕ್ಕಳ ಝಂಪರ ಹೊಲದು
ಕಾಲಿಂಚು ಅರ್ಧಿಂಚಿನ ಲೆಕ್ಕ ಕಲತಾಕಿ ನಾನು.
ಎಡಕ್ಕ ಬ್ಯಾಡಗಿ, ಬಲಕ್ಕ ಕಂಪೋಟ.
ಖೋಲಿ ಬಾಡಗಿ, ಅಕ್ಕಿ, ಗ್ಯಾಸು, ಕರೆಂಟು,
ಮೀನು ತಿನ್ನಂಗಿಲ್ಲಂತ ಮೀನಿಗೆ ಸೊನ್ನಿ,
ಜ್ವಾಳದ ಮುಂದ ಬರೇ ಒಂದು ಗೆರಿ.
ಕಡೀಕ ಬಲಗಡೆ ಆರನೂರು ರೂಪಾಯಿ ಉಳತಾಯ,
ಕೆಳಗ ಎರಡು ಸಲ ಗೀಟು ಎಳದಿದ್ದರು.

ನಾ ಮತ್ತ ಕೂಡಿಸಿದೆ.
ವೀಸಾದ ರೊಕ್ಕ ಬರದಿಲ್ಲ.
ನನ್ನ ಬಿಪಿ ಗುಳಿಗಿ ಬರದಿಲ್ಲ.
ವಿಮಾನದ ಮುಂದ ಅಂಕಿ ಇತ್ತು; ರಬ್ಬರಿಲೆ ಅಳಸಿ ಅಳಸಿ
ಹಾಳಿ ಸವದು ಹಿಂದಿನ ಪುಟ ಕಾಣತಿತ್ತು.
ಎಲ್ಲಾ ಹಿಡದರ ತಿಂಗಳಿಗೆ ಸಾವಿರದ ಎಂಟನೂರು
ಇಲ್ಲಿಗಿಂತ ಹೆಚ್ಚು.

ದಿಗಿಲಾತು ಖರೆ. ರೊಕ್ಕಕ್ಕಲ್ಲ.
ಮೂವತ್ನಾಕು ವರ್ಷ ಬಟ್ಟು ಹಚ್ಚದ ಮನಶಾ
ಈಗ ತಕ್ಕಡಿ ಮ್ಯಾಲ ಹೆಬ್ಬಟ್ಟು ಊರ್ಯಾನ,
ನನಗ ಕಾಣಬಾರದಂತ, ಮೆಲ್ಲಕ.
ಎಷ್ಟು ಆಸಿ ಇದ್ದೀತು!

ಪೆನ್ಸಿಲ್ ತಗೊಂಡು ಎಡಗಡೆ, ಬ್ಯಾಡಗಿ ಖರ್ಚಿನಾಗ
ಇವರು ಬಿಟ್ಟದ್ದೊಂದು ಬರದೆ:
ಮುಯ್ಯಿ.
ಮದುವಿ, ಕುಬಸ, ತೊಟ್ಟಲ, ಮನಿ ಒಕ್ಕಲು,
ಹೋದ ವರ್ಷ ನಲವತ್ತೊಂದು ಕಾರ್ಡು ಬಂದಾವ,
ತಿಂಗಳಿಗೆ ಎರಡೂವರಿ ಸಾವಿರ.
ಕಂಪೋಟದಾಗ ನಮ್ಮನ್ನ ಕರಿಯವರು ಯಾರು?
ಅಲ್ಲಿ ಸೊನ್ನಿ ಬರದೆ.
ಸೊನ್ನಿ ದುಂಡಗ ಬರಲಿಲ್ಲ; ಪೆನ್ಸಿಲ್ ನಿಂತು ನಿಂತು ತಿರಗಿತು.
ಕರಿಯವರಿಲ್ಲಂದರ ಹೊರವರೂ ಇಲ್ಲ,
ಅದನ್ನ ಯಾವ ಖಾತೆದಾಗ ಹಾಕತಾರೋ.
ಬಲಕ್ಕ ಏಳನೂರು ಉಳೀತು.
ನಾನೂ ಎರಡು ಗೀಟು ಎಳದೆ.

ಮುಂಜಾನೆ ಇವರು ಕೀರ್ದಿ ನೋಡಿದರು,
ನನ್ನ ಬಟ್ಟಿನ ಪೆನ್ಸಿಲ್ ಮಸಿ ನೋಡಿದರು,
ಚಾಳೀಸು ತಗದು ಒರಸಿಕೊಂಡರು ಭಾಳ ಹೊತ್ತು.
"ಲೆಕ್ಕ ಬರೋಬರಿ ಐತಿ," ಅಂದರು.

ಈಗ ಸಂಜೀಮುಂದ ಕಟ್ಟಿ ಮ್ಯಾಲ ಕುಂತು
ಆ ಊರಿನ ಎಣಿಕಿ ಕಲೀತೇವಿ,
ಮೊಬೈಲಿನಾಗ ಒಬ್ಬಾಕಿ ಹೇಳಿಕೊಡತಾಳ.
ಒಂದಕ್ಕ ಅವರು ಮುಯ್ ಅಂತಾರ.
ನಾ ನಕ್ಕು ನಕ್ಕು ಕೆಮ್ಮಿದೆ:
ಬಿಟ್ಟು ಹೋಗೂಣಂದರ ಬಾಗಲಾಗ ಅದ ನಿಂತೈತಿ!
ಮುಯ್, ಪೀ, ಬೇಯ್, ಬುವನ್, ಪ್ರಾಂ.
ಆರಕ್ಕ ಬ್ಯಾರೆ ಹೆಸರಿಲ್ಲ ಅವರಲ್ಲಿ.
ಐದು ಮುಗದ ಮ್ಯಾಲ ಐದು-ಒಂದು, ಪ್ರಾಂ-ಮುಯ್.
ಇವರಿಗೆ ನಾಲಿಗಿ ಹೊಳ್ಳೂದಿಲ್ಲ.
ಪ್ಯಾಟಿ ರೂಢಿ; ಚೀಲ ಎಣಿಸುವಾಗ ಮೊದಲಿನದಕ್ಕ
ಎಂದೂ ಒಂದು ಅಂದವರಲ್ಲ.
"ಪ್ರಾಂ," ಅಂತಾರ, ಕಾಲುವಿ ಜಿಗಿಯೂ ಮುಂದ ನಿಂತಾಂಗ
ಉಸಿರು ಹಿಡದು,
"ಪ್ರಾಂ… ಲಾಭ."