ಗರಗರ

ಹನ್ನೆರಡು ಇಂಚಿನದು ಬೇಡವೆಂದ ಬಾಲ್ತಸಾರ್.
"ಅರವತ್ತಮೂರರ ಬ್ಯೂಕು, ತಗಡು ಹಳೇದು.
ಎಂಟಿಂಚಿನವು ಎರಡು ಸಾಕು, ಮುಚ್ಚಿದ ಪೆಟ್ಟಿಗೆ."
ಹಿಂದಿನ ಸೀಟಿನ ಬೆನ್ನಿಗೆ ಆನಿಸಿಟ್ಟ,
ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕ.
ಒಂದೇ ಒಂದು ತೂತು ಕೊರೆಯಲಿಲ್ಲ:
ಅಪ್ಪ ಮೇಣ ತಿಕ್ಕಿದ ಮೈ.

ಎಸ್ಪನ್ಯೋಲದ ಸಂಜೆ. ತಂತಿ ಸೇರಿತು.
ಮೊದಲ ಗುಡುಗಿಗೇ ಕನ್ನಡಿ ನಡುಗಿ
ಬೀದಿಯ ನಾಯಿ ಎದ್ದು ಕೂತಿತು.
ಪೆಟ್ಟಿಗೆಯ ಮೂತಿ ಹಿಂದಕ್ಕೆ ತಿರುಗಿಸಿದ;
ಈಗ ನಾದ ಕಿವಿಗಲ್ಲ, ಹೊಕ್ಕುಳಿಗೆ ಬಂತು.
ಆದರೂ ಎಲ್ಲೋ ಗರಗರ.

ನಂಬರ್ ಪ್ಲೇಟಿಗೆ ರಬ್ಬರು ಕೊಟ್ಟೆವು. ಗರಗರ.
ಬಲಬಾಗಿಲಿಗೆ ಕಿವಿ ಹಚ್ಚಿದೆ. ಅಲ್ಲೇ.
ಒಳಹೊದಿಕೆ ಬಿಚ್ಚಿದರೆ
ಧೂಳು, ಪಿನ್ಯೋನ್ ಬೀಜದ ಸಿಪ್ಪೆ,
ಆಮೆಚಿಪ್ಪಿನ ಬಣ್ಣದ ಒಂದು ಹೇರ್‌ಪಿನ್ನು.

ನಮ್ಮಮ್ಮನದು ಸದಾ ಗಂಡು ಕ್ರಾಪು.

ಬಾಲ್ತಸಾರ್ ಸ್ಪ್ಯಾನರು ಹುಡುಕುವವನಂತೆ ಆಚೆ ಹೋದ.
ಅಪ್ಪ ಇದ್ದಾಗ ಈ ಬಾಗಿಲು
ಸದ್ದಿಲ್ಲದೆ ಮುಚ್ಚುತ್ತಿತ್ತು, ನೆನಪಿದೆ.

ಚೂರು ಉಣ್ಣೆಬಟ್ಟೆಯಲ್ಲಿ ಸುತ್ತಿ
ಇದ್ದಲ್ಲೇ ಇಟ್ಟು ತಿರುಪು ಬಿಗಿದೆ.

ಭಾನುವಾರ ಅಮ್ಮನನ್ನು ಮುಂದೆ ಕೂರಿಸಿಕೊಂಡು
ಆಮೆನಡೆಯಲ್ಲಿ ಊರ ದೊಡ್ಡ ಬೀದಿ.
"ಎದೆಯೊಳಗೇ ಬಾರಿಸಿದ ಹಾಗಿದೆ ಕಣೋ,
ಎಲ್ಲೂ ಒಂಚೂರು ಅಲುಗಾಟವಿಲ್ಲ" ಎನ್ನುತ್ತ
ಬಾಗಿಲಿಗೆ ಮೊಣಕೈ ಊರಿದಳು.