ಬಾಣ ಹೋದತ್ತ

ಶಾರ್ಜಾದ ರೋಲಾದಲ್ಲಿ, ಕರಕ್ ಚಹಾದ ಕಿಂಡಿಗೆ ತಾಗಿ
ನಮ್ಮ ಟೈಪಿಂಗ್ ಸೆಂಟರು.
ಅರಬಿ ಬಲದಿಂದ, ಇಂಗ್ಲಿಷು ಎಡದಿಂದ,
ನಡುವೆ ಹನ್ನೊಂದು ವರ್ಷದಿಂದ ನಾನು.

ಲೈಸೆನ್ಸಿಗೆ ಕಾಸು ಬಿಚ್ಚದ ಅರ್ಬಾಬನ ದಯೆಯಿಂದ
ಮೊದಲಿನಿಂದಲೂ ಲಿನಕ್ಸು.
ಹಳೆಯ ಎಕ್ಸ್‌ನಲ್ಲಿ ಪುಟ ಸರಿಸಿದರೆ ಪರದೆ ನಡುವೆ ಹರಿಯುತ್ತಿತ್ತು:
ವೀಸಾ ಫೋಟೋದ ಹಣೆ ಈ ಕ್ಷಣದ್ದು, ಗಲ್ಲ ಕಳೆದ ಕ್ಷಣದ್ದು.
ಆದರೆ ಮೂಲೆಯಲ್ಲಿ ನಾನು ಸಾಕಿಕೊಂಡ ಎರಡು ಕಣ್ಣಿದ್ದವು,
ಕೆಲಸಕ್ಕೆ ಬಾರದ ಪುಟ್ಟ ಪ್ರೋಗ್ರಾಮು.
ಬಾಣ ಹೋದತ್ತ ಹೊರಳುವುದಷ್ಟೇ ಅವಕ್ಕೆ ಗೊತ್ತು.
ಹಗಲೆಲ್ಲ ನನ್ನ ಕೈಯನ್ನು ಇನ್ಯಾರು ನೋಡುತ್ತಾರೆ?

ಆ ಎಕ್ಸ್‌ನ ಮನೆಯಲ್ಲಿ ಗುಟ್ಟಿರಲಿಲ್ಲ.
ಒಂದು ಕಿಟಕಿಯಲ್ಲಿ ಒತ್ತಿದ ಕೀಲಿ
ಕಿವಿಗೊಟ್ಟರೆ ಪಕ್ಕದ ಕಿಟಕಿಗೂ ಕೇಳಿಸುತ್ತಿತ್ತು.
ಅಜ್ಮಾನಿನ ಗೋದಾಮಿನ ಯಂತ್ರದಲ್ಲಿ ಓಡುವ ಲೆಕ್ಕ
ಇಲ್ಲಿ ನನ್ನ ಪರದೆಯಲ್ಲಿ ಮುಖ ತೋರಿಸುತ್ತಿತ್ತು.
ದುಡಿಮೆ ಒಂದೂರಲ್ಲಿ, ಮುಖ ಇನ್ನೊಂದೂರಲ್ಲಿ:
ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ರೂಮೂ ಹಾಗೇ. ಅಲ್ ನಬ್ಬಾದ ಮೂರನೇ ಮಹಡಿ,
ಒಂದೇ ಹಾಲ್, ಪ್ಲೈವುಡ್ಡಿನಲ್ಲಿ ಏಳು ಪಾಲು.
ವಲೇರಿಯನ್ನನ ಕೆಮ್ಮಿಗೆ ನಾನು ನೀರು ಕುಡಿಯುತ್ತಿದ್ದೆ.
ಮೊಫಿಜುಲ್ ಊರಿಗೆ ಹಣ ಕಳಿಸುವಾಗ
ಒತ್ತುವ ನಾಲ್ಕು ಅಂಕಿಯ ಸದ್ದು ನನಗೆ ಬಾಯಿಪಾಠ.
ಒಂದು ಸಲವೂ ಬಳಸಲಿಲ್ಲ. ಬಳಸಬಹುದಿತ್ತು.

ಮೊನ್ನೆ ಉಪ್ಪಳದ ಹುಡುಗ ನಿಹಾಲ್ ಬಂದು
ಅಪ್‌ಡೇಟ್ ಹಾಕಿದ. "ಇನ್ನು ಎಕ್ಸ್ ಮುಗೀತು, ವೇಲ್ಯಾಂಡು.
ಯಾರ ಕೀಲಿ ಅವರಿಗೆ. ತಾನು ಪರದೆಯ
ಯಾವ ಮೂಲೇಲಿದ್ದೇನೆ ಅಂತ ಕಿಟಕಿಗೂ ಗೊತ್ತಿರಲ್ಲ.
ಕೇಳಿದ್ರೂ ಹೇಳಲ್ಲ."
ಪರದೆ ಹರಿಯುವುದು ನಿಂತಿತು. ಎಲ್ಲ ಮುಖಗಳೂ ಇಡಿಯಾಗಿ ಬಂದವು.
ಕನ್ನಡ ಮಾತ್ರ ಎರಡು ದಿನ ಮುನಿಸಿಕೊಂಡಿತ್ತು:
ಕ್ಷೇಮ ಅಂತ ಹೊಡೆದರೆ ಷೇ ಒಳಗೆ ಹೋಗದೆ
ಚಪ್ಪಲಿ ಬಿಡುವ ಕಡೆ ನಿಂತಿತ್ತು.

ಅದೇ ಗುರುವಾರ ಬಲದಿಯಾದವರು ಬಂದು
ಪ್ಲೈವುಡ್ ಕಿತ್ತರು. ಕಾನೂನು, ಬೆಂಕಿಯ ಭಯ; ತಪ್ಪೇನಿಲ್ಲ.
ಏಳು ಮಂಚ ಒಮ್ಮೆಲೇ ಬಯಲಾದವು.
ಅಷ್ಟು ವರ್ಷ ಸದ್ದಾಗಿದ್ದವರು ಮೈಯಾಗಿ ಕೂತಿದ್ದೆವು.
ಮೊಫಿಜುಲ್ ಬೆನ್ನು ತಿರುಗಿಸಿ ಅಂಕಿ ಒತ್ತಿದ.
ವಾರದೊಳಗೆ ಚೆದುರಿದೆವು. ವಲೇರಿಯನ್ ಅಜ್ಮಾನಿಗೆ,
ಉಳಿದವರು ಎಲ್ಲೆಲ್ಲಿಗೋ.
ಈಗ ನನಗೊಂದು ಬಾಗಿಲಿದೆ, ಚಿಲಕವಿದೆ.

ಕಣ್ಣುಗಳು ಇನ್ನೂ ಇವೆ. ತೆರೆದೇ ಇವೆ.
ಬಾಣವನ್ನು ಕೊನೆಗೆ ಕಂಡ ದಿಕ್ಕಿಗೆ ನೆಟ್ಟು ನಿಂತಿವೆ.
ಕೆಟ್ಟಿದೆಯಾ ಅಂದೆ. "ಕೆಟ್ಟಿಲ್ಲ ಅಣ್ಣಾ,
ಹೊರಗಿನ ಬಾಣ ಅವಕ್ಕೆ ಕಾಣಲ್ಲ. ಅದೇ ನಿಯಮ."

ಗಿರಾಕಿ ಇಲ್ಲದ ಮಧ್ಯಾಹ್ನ, ಜುಮ್ಮಾ ಮುಗಿಯುವವರೆಗೆ,
ಬಾಣವನ್ನು ಮೆಲ್ಲಗೆ ಅವುಗಳ ಮೇಲೆಯೇ ಒಯ್ಯುತ್ತೇನೆ.
ತಟ್ಟನೆ ಹೊರಳುತ್ತವೆ.
ಹೊರಗೆ ಸರಿದರೆ ಸಾಕು,
ನಾನು ದಾಟಿದ ಅಂಚನ್ನೇ ನೋಡುತ್ತವೆ.