ಇತ್ತೀಚೆಗೆ ಎಂದರೆ

ಕಡಲು ಹೆಪ್ಪುಗಟ್ಟುತ್ತಿದ್ದ ವರ್ಷಗಳಲ್ಲಿ
ಅಪ್ಪನಿಗೆ ರೋಹುಕ್ಯುಲಾದ ದಡದಲ್ಲಿ ಕೆಲಸ.
ಹೀಯುಮಾ ದ್ವೀಪಕ್ಕೆ ಮಂಜುಗಡ್ಡೆಯ ಮೇಲೇ ದಾರಿ,
ಮೂರು ನಿಮಿಷಕ್ಕೆ ಒಂದೇ ಕಾರು.
ಬೆಲ್ಟು ಬಿಚ್ಚಿಕೊಳ್ಳಿ, ನಡುವೆ ಎಲ್ಲೂ ನಿಲ್ಲಬೇಡಿ
ಎಂದು ಹೇಳಿ, ನಂಬರು ಬರೆದುಕೊಂಡು,
ಕೈಬೀಸಿ ಬಿಡುತ್ತಿದ್ದ.
ಶಾಯಿ ಮರಗಟ್ಟುತ್ತದೆಂದು ಪೆನ್ಸಿಲು.
ಆಚೆ ದಡ ಮುಟ್ಟಿದವರ ಲೆಕ್ಕ ಸಂಜೆ ಫೋನಿನಲ್ಲಿ ಬರುತ್ತಿತ್ತು:
ಒಂದೊಂದು ನಂಬರಿಗೆ ಒಂದೊಂದು ಗೀಟು.

ನನಗೆ ಈಗ ತಾರ್ತುವಿನಲ್ಲಿ, ಬೇಕರಿಯ ಮೇಲಿನ ಕೋಣೆಯಲ್ಲಿ ಕೆಲಸ.
ನಾನೂ ದಡದಲ್ಲೇ ಕೂತಿದ್ದೇನೆ ಅನ್ನಿ.
ಜನ ಈಥರ್ ತಂದು ಇಡುಗಂಟು ಇಡುತ್ತಾರೆ,
ಮೂವತ್ತೆರಡು, ಮೂವತ್ತೆರಡು, ಮತ್ತೆ ಮೂವತ್ತೆರಡು,
ಸರಪಳಿ ಕಾಯುತ್ತೇವೆಂದು ಪಣ.
ಕಾವಲುಗಾರ ತೂಕಡಿಸಿದರೆ ಗಂಟು ಸವೆಯುತ್ತದೆ,
ಎರಡು ನಾಲಗೆಯಲ್ಲಿ ಸಾಕ್ಷಿ ನುಡಿದರೆ
ದೊಡ್ಡ ತುಂಡೇ ಹೋಗುತ್ತದೆ.
ಒಳಗೆ ಹೋಗಲು ಸರದಿ. ಹೊರಗೆ ಬರಲೂ.

ಹೊಸದಾಗಿ ಬಂದ ಗಂಟುಗಳನ್ನು ಹುಡುಕಿಕೊಡುವ
ಸಲಕರಣೆಯೊಂದನ್ನು ಮಾಡಿದ್ದೇನೆ,
ಮನುಷ್ಯರಿಗಲ್ಲ, ಏಜೆಂಟುಗಳಿಗೆ.
ಗುಂಡಿ ಬೇಡ, ಬಣ್ಣ ಬೇಡ, ಬನ್ನಿ ಕೂತ್ಕೊಳ್ಳಿ ಬೇಡ;
ನಾಲ್ಕು ಸಾಲಿನ ವಿವರಣೆ ಸಾಕು:
ಇದೇನು ಮಾಡುತ್ತದೆ, ಯಾವಾಗ ಕರೆಯಬೇಕು,
ಯಾವಾಗ ಸುಮ್ಮನಿರಬೇಕು.

ಆ ನಾಲ್ಕು ಸಾಲಿಗೆ ಮೂರು ವಾರ ಹಿಡಿಯಿತು.

‘ಇತ್ತೀಚೆಗೆ ಬಂದ ಠೇವಣಿಗಳನ್ನು ತೋರಿಸುತ್ತದೆ’ ಎಂದು ಬರೆದೆ.
ಅದು ಐದು ವರ್ಷದ ಹಿಂದಿನಿಂದ ಶುರುಮಾಡಿತು.
ತಪ್ಪು ಅದರದಲ್ಲ.
ನಿನ್ನೆ ತಿಂದದ್ದು ಹೊಟ್ಟೆಯಲ್ಲಿಲ್ಲದವರಿಗೆ
ಇತ್ತೀಚೆಗೆ ಎಂಬುದು ಹೇಗೆ ತಿಳಿಯಬೇಕು?
ಒಂದು ಗಂಟೆ ಅಂತ ಬರಿ, ಅಂದ ಪಕ್ಕದ ಮೇಜಿನ ಯಾಗುಪ್.
ಅವನ ಮದುವೆ ಮುರಿದು ಎಂಟು ವರ್ಷ,
ಅದನ್ನೂ ಅವನು ಇತ್ತೀಚೆಗೆ ಅನ್ನುತ್ತಾನೆ.

ಅಪ್ಪನಿಗೆ ಫೋನು ಮಾಡಿದೆ. ಮೀನನ್ನು ಹೊಗೆಗೆ ತೂಗುಹಾಕುತ್ತಿದ್ದ.
ಚಕ್ರದ ಗುರುತಿನ ಮೇಲೆ ಹೊಸ ಹಿಮ ಕೂರದಿದ್ದರೆ ಇತ್ತೀಚೆಗೆ,
ಕೂತರೆ ಹಳೆಯದು, ಅಂದ.
ಇದಕ್ಕೂ ಸಂಬಳ ಕೊಡ್ತಾರಾ ನಿಂಗೆ?

‘ಬೇರೆ ಹೇಳದಿದ್ದರೆ ಕೊನೆಯ ಐವತ್ತು’ ಎಂದು ತಿದ್ದಿದೆ.

ಈಗ ರಾತ್ರಿಯೆಲ್ಲ ಕೇಳುತ್ತದೆ,
ಕೆಳಗೆ ರೈ ಹಿಟ್ಟು ನಾದುವ ಸದ್ದು ಏಳುವವರೆಗೂ.
ಯಾರು? ಒಂದು ವಿಳಾಸ, ಬಾಯಲ್ಲಿ ಹೇಳಲಾಗದಷ್ಟು ಉದ್ದ.
ಎಷ್ಟು? ಮೂವತ್ತೆರಡು.
ಯಾವಾಗ? ಕಣ್ಣು ನಾಲ್ಕು ಸಲ ಮಿಟುಕಿಸುವಷ್ಟು ಹಿಂದೆ.
ಯಾಕೆ ಎಂದು ಕೇಳುವುದಿಲ್ಲ.
ಆ ಖಾನೆಯನ್ನು ನಾನು ಇಟ್ಟೇ ಇಲ್ಲ.

ಮಂಗಳವಾರ ಒಂದು ಠೇವಣಿ ಬಂತು, ಒಂದೇ ಒಂದು ನಾಣ್ಯ.
ಹೀಗೆ ಬರುವುದುಂಟು. ಗಡ್ಡೆ ತಾಳುತ್ತದೋ ಎಂದು
ಹಿಮ್ಮಡಿಯಿಂದ ತಟ್ಟಿ ನೋಡುವವರು.
ಉಳಿದ ಮೂವತ್ತೊಂದು ಬರಲಿಲ್ಲ.
ಏಜೆಂಟು ‘ಅಪೂರ್ಣ’ ಎಂದು ವರದಿ ಕೊಟ್ಟು ಮುಂದೆ ಹೋಯಿತು.
ನಾನು ನಾಲ್ಕು ದಿನ ಅಲ್ಲೇ ಇದ್ದೆ.

ಅಪ್ಪನ ವಹಿಯಲ್ಲೂ ಅಂಥದೊಂದು ನಂಬರಿದೆ,
ಕಂದು ಮಾಸ್ಕ್ವಿಚ್, ಫೆಬ್ರುವರಿ, ಗೀಟು ಬಿದ್ದಿಲ್ಲ.
ಅರ್ಧದಾರಿಯಲ್ಲಿ ತಿರುಗಿಸಿ, ಬೇರೆಲ್ಲೋ ದಡ ಹತ್ತಿ
ಮನೆಗೆ ಹೋಗಿರುತ್ತಾನೆ, ಅನ್ನುತ್ತಾನೆ ಅಪ್ಪ.
ಮೂವತ್ತೆಂಟು ವರ್ಷದಿಂದ ಅನ್ನುತ್ತಿದ್ದಾನೆ.

ನಿನ್ನೆ ವಿವರಣೆಗೆ ಐದನೆಯ ಸಾಲು ಸೇರಿಸಿದೆ:
‘ಒಂದೇ ನಾಣ್ಯ ಬಂದು ನಿಂತಿದ್ದರೆ
ಆ ವಿಳಾಸವನ್ನು ಮತ್ತೊಮ್ಮೆ ವಿಚಾರಿಸು.’
ಯಾಗುಪ್ ಗೊಣಗಿದ, ಪ್ರತಿ ಕರೆಗೂ ಇಷ್ಟು ಪದ ದಂಡ ಎಂದು.
ಏಜೆಂಟಿಗೆ ನೆನಪಿಲ್ಲ, ನಿಜ;
ಆದರೆ ಪ್ರತಿ ಸಲವೂ ಮೊದಲಿನಿಂದ ಓದುತ್ತದೆ,
ಐದೂ ಸಾಲು.

ಬೆಳಗಿನ ಜಾವ ವಿಚಾರಿಸಿತು.
ಇಲ್ಲ, ಅಂದಿತು ಸಲಕರಣೆ.
ಸರಿ, ಅಂದಿತು.